ಚಂಡಮಾರುತ ಬರುವಾಗ ಮನೆ ಬಿಡುವುದೋ, ಉಳಿಯುವುದೋ?

ಕಡಲ್ಕೊರೆತದ ಕುರಿತು ಹಿಂದಿನ ಸಂಚಿಕೆಯಲ್ಲಿ ಬರೆದ ಉತ್ತರವನ್ನು ಓದಿದ ಹಲವರು, ಚಂಡಮಾರುತದ ಮುನ್ಸೂಚನೆ ಬಂದಾಗ ಮನೆ ಬಿಡಬೇಕೋ ಅಲ್ಲೇ ಇರಬೇಕೋ ಎಂದು ಹೇಗೆ ತೀರ್ಮಾನಿಸುವುದು ಎಂದು ಕೇಳಿ ಪತ್ರ ಬರೆದಿದ್ದಾರೆ. ಈ ಬಾರಿಯ ಅಂಕಣವನ್ನು ಅಂಥ ನಾಲ್ಕು ಪತ್ರಗಳಿಗೆ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ನಮ್ಮ ಮನೆ ಕೋಡಿಬೆಂಗ್ರೆಯಲ್ಲಿದೆ. ಎದುರಿಗೆ ಕಡಲು, ಹಿತ್ತಲಿನಾಚೆ ಹೊಳೆ. ಗಂಡ ಗಲ್ಫ್‌ನಲ್ಲಿದ್ದಾರೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಪಂಚಾಯತಿನವರು ಹೇಳಿದರೆಂದು ಮನೆ ಬಿಟ್ಟು ಶಾಲೆಯಲ್ಲಿ ಉಳಿದೆವು. ಮರಳಿ ಬಂದು ನೋಡಿದರೆ ಕೆಲವು ಹಂಚುಗಳು ಜಾರಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಇನ್ನು ಮುಂದೆ ಎಂಥ ಗಾಳಿ ಬಂದರೂ ಮನೆ ಬಿಡುವುದಿಲ್ಲ ಎಂದು ನನ್ನ ಅತ್ತೆ ಹಟ ಹಿಡಿದಿದ್ದಾರೆ. ಅವರಿಗೆ ಎಪ್ಪತ್ತೆಂಟು ವರ್ಷ. ಮನೆಯಲ್ಲಿ ಒಂದು ದನ, ಒಂದು ಕರುವೂ ಇವೆ. ಮುಂದಿನ ಸಲ ನಾನು ಯಾವ ಆಧಾರದ ಮೇಲೆ ತೀರ್ಮಾನ ಮಾಡಲಿ, ಅತ್ತೆಯನ್ನು ಹೇಗೆ ಒಪ್ಪಿಸಲಿ?
— ಓದುಗರು, ಕೋಡಿಬೆಂಗ್ರೆ

ಉತ್ತರ: ನಿಮ್ಮ ಮನೆ ಇರುವ ಜಾಗಕ್ಕೆ ನನ್ನ ಉತ್ತರದಲ್ಲಿ ಅನುಮಾನವಿಲ್ಲ. ನೀವು ಹೊರಡಬೇಕು, ಅಧಿಕಾರಿಗಳು ಬಂದು ಬಾಗಿಲು ತಟ್ಟುವ ತನಕ ಕಾಯದೆ ಹೊರಡಬೇಕು. ಇದೇ ಪ್ರಶ್ನೆಯನ್ನು ಕಡಲಿನಿಂದ ದೂರದ ಹೆಬ್ರಿಯವರೋ ಕಾರ್ಕಳದವರೋ ಕೇಳಿದ್ದರೆ, ಮನೆ ಗಟ್ಟಿಯಾಗಿದ್ದು ಮಾಡಿನ ಮೇಲೆ ಬೀಳುವಂಥ ಮರ ಇಲ್ಲದಿದ್ದರೆ ಅಲ್ಲೇ ಇರಿ ಎನ್ನುತ್ತಿದ್ದೆ. ಗಾಳಿಯಿಂದ ಗಟ್ಟಿ ಗೋಡೆ ಮತ್ತು ಕಾಂಕ್ರೀಟ್ ತಾರಸಿ ನಮ್ಮನ್ನು ಕಾಯಬಲ್ಲವು. ಏರಿ ಬರುವ ನೀರಿನಿಂದ ಕಾಯಲು ದೂರ ಮತ್ತು ಎತ್ತರ ಬಿಟ್ಟರೆ ಬೇರೇನೂ ಇಲ್ಲ. ಜಗತ್ತಿನ ಬಹುತೇಕ ದೊಡ್ಡ ಚಂಡಮಾರುತಗಳಲ್ಲಿ ಹೆಚ್ಚು ಜೀವಗಳನ್ನು ತೆಗೆದದ್ದು ನೀರೇ.

ಕಡಲಿನ ನೀರು ಏಕೆ ಏರುತ್ತದೆ ಎಂಬುದನ್ನು ತಿಳಿದರೆ ತೀರ್ಮಾನ ಸುಲಭವಾಗುತ್ತದೆ. ಬಲವಾದ ಗಾಳಿ ಗಂಟೆಗಟ್ಟಲೆ ನೀರನ್ನು ದಡದತ್ತ ತಳ್ಳುತ್ತಲೇ ಇದ್ದಾಗ, ಆಳ ಕಡಿಮೆ ಇರುವ ತೀರದಲ್ಲಿ ಆ ನೀರಿಗೆ ಹಿಂದಕ್ಕೆ ಸರಿಯಲು ಆಸ್ಪದವಿಲ್ಲದೆ ಕಡಲಿನ ಮಟ್ಟವೇ ಮೇಲೆ ಬರುತ್ತದೆ. ವಾಯುಭಾರ ಕುಸಿತದಿಂದ ಇನ್ನಷ್ಟು ಏರುತ್ತದೆ. ಒತ್ತಡ 1 ಹೆಕ್ಟೊಪ್ಯಾಸ್ಕಲ್‌ನಷ್ಟು ಇಳಿದರೆ ನೀರು ಸುಮಾರು 1 ಸೆಂಟಿಮೀಟರ್ ಮೇಲೇಳುತ್ತದೆ. ಈ ಏರಿಕೆಯ ಮೇಲೆ ದಿನಕ್ಕೆ ಎರಡು ಸಲ ಬರುವ ಉಬ್ಬರ, ಅದರ ಮೇಲೆ ತೆರೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನ ದೊಡ್ಡ ಉಬ್ಬರಕ್ಕೆ ಗಾಳಿ ಸರಿಯಾಗಿ ಸೇರಿಕೊಂಡರೆ, ಅದೇ ಗಾಳಿ ಇಳಿತದ ಹೊತ್ತಿಗೆ ಬಂದಿದ್ದರೆ ಅಂಗಳಕ್ಕೂ ಮುಟ್ಟದಿದ್ದ ನೀರು ಜಗಲಿ ಹತ್ತುತ್ತದೆ.

ಬೆಂಗ್ರೆಯವರು ಕಡಲನ್ನು ಚೆನ್ನಾಗಿ ಬಲ್ಲವರು, ಅದರ ಮೇಲೆ ಸದಾ ಕಣ್ಣಿಟ್ಟಿರುವವರು. ನನಗೆ ಹೆಚ್ಚು ಆತಂಕವಿರುವುದು ಹಿತ್ತಲಿನ ಕಡೆಯ ನೀರಿನ ಬಗ್ಗೆ. ಚಂಡಮಾರುತದ ಜೊತೆ ಘಟ್ಟದಲ್ಲಿ ಮಳೆ ಸುರಿದರೆ ಸ್ವರ್ಣಾ ಮತ್ತು ಸೀತಾ ನದಿಗಳು ತುಂಬಿ ಬರುತ್ತವೆ. ಹೊಳೆ ಕಡಲು ಸೇರುವ ಅಳಿವೆ ಬಾಗಿಲಿನಲ್ಲಿ ಕಡಲಿನ ಮಟ್ಟ ಏರಿರುವುದರಿಂದ ಆ ನೀರು ಹೊರಗೆ ಹೋಗಲಾರದೆ ಎರಡೂ ದಡಗಳಿಗೆ ಹರಡುತ್ತದೆ. ನಿಮ್ಮ ಉತ್ತರಕ್ಕೆ ಅಳಿವೆ, ಪೂರ್ವಕ್ಕೆ ಹಂಗಾರಕಟ್ಟೆಯ ಕಡೆ ದೋಣಿಯ ದಾರಿ, ಉಳಿದದ್ದು ದಕ್ಷಿಣಕ್ಕೆ ಹೂಡೆಯತ್ತ ಹೋಗುವ ಒಂದೇ ರಸ್ತೆ. ಗಾಳಿ ಎದ್ದ ಮೇಲೆ ದೋಣಿ ಇಲ್ಲ. ರಸ್ತೆಗೆ ಒಂದು ತೆಂಗಿನಮರವೋ ವಿದ್ಯುತ್ ಕಂಬವೋ ಅಡ್ಡ ಬಿದ್ದರೆ ಅಥವಾ ತಗ್ಗಿನ ಒಂದು ಕಡೆ ಮೊಣಕಾಲಿನಷ್ಟು ನೀರು ಹರಿದರೆ ಆ ದಾರಿಯೂ ಮುಚ್ಚಿದಂತೆಯೇ. ಆದ್ದರಿಂದ ಗಾಳಿ ಎಷ್ಟು ಜೋರಾಗಬಹುದು ಎಂದು ಕೇಳಿಕೊಳ್ಳುವ ಮೊದಲು, ನಮ್ಮ ರಸ್ತೆ ಯಾವಾಗ ಮುಚ್ಚಬಹುದು ಎಂದು ಕೇಳಿಕೊಳ್ಳಿ. ಮೊದಲನೆಯದನ್ನು ಹವಾಮಾನ ಇಲಾಖೆಯೂ ಕರಾರುವಾಕ್ಕಾಗಿ ಹೇಳಲಾರದು. ಎರಡನೆಯದು ಊರಿನಲ್ಲಿ ಹುಟ್ಟಿ ಬೆಳೆದ ನಿಮ್ಮ ಅತ್ತೆಗೇ ಚೆನ್ನಾಗಿ ಗೊತ್ತಿರುತ್ತದೆ; ಅವರನ್ನೇ ಕೇಳಿ.

ಇನ್ನೊಂದು ಸಂಗತಿ ನಮ್ಮ ಕರಾವಳಿಗೆ ವಿಶೇಷವಾದದ್ದು. ಅರಬ್ಬೀ ಸಮುದ್ರದ ಚಂಡಮಾರುತಗಳು ಹೆಚ್ಚಾಗಿ ಮುಂಗಾರಿಗೆ ಮುಂಚಿನ ಮೇ–ಜೂನ್‌ನಲ್ಲಿ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹುಟ್ಟುತ್ತವೆ, ಮತ್ತು ನಮ್ಮ ದಡಕ್ಕೆ ನೇರವಾಗಿ ಅಪ್ಪಳಿಸದೆ ಕಡಲಿನಲ್ಲೇ ಉತ್ತರಕ್ಕೋ ವಾಯವ್ಯಕ್ಕೋ ಸಾಗುತ್ತವೆ. ಗಾಳಿ ಕೇಂದ್ರದ ಸುತ್ತ ಎಡಕ್ಕೆ ಸುತ್ತುವುದರಿಂದ, ಚಂಡಮಾರುತ ನಮ್ಮ ನೇರದಲ್ಲಿರುವಾಗ ಗಾಳಿ ದಡಕ್ಕೆ ಸಮಾನಾಂತರವಾಗಿ ದಕ್ಷಿಣದಿಂದ ಬೀಸುತ್ತದೆ. ಅದು ನಮ್ಮನ್ನು ದಾಟಿ ಉತ್ತರಕ್ಕೆ ಹೋದ ಮೇಲೆ ನೈಋತ್ಯಕ್ಕೆ ತಿರುಗಿ ಕಡಲಿನಿಂದ ಸೀದಾ ದಡಕ್ಕೆ ಬೀಸತೊಡಗುತ್ತದೆ. ಹಾಗಾಗಿ ಟಿವಿಯಲ್ಲಿ ‘ಚಂಡಮಾರುತ ಗೋವಾ ಕಡೆಗೆ ಸಾಗಿತು’ ಎಂದು ಬಂದ ಕೂಡಲೇ ಚಾಪೆ ಸುತ್ತಿಕೊಂಡು ಮನೆಗೆ ಮರಳಬೇಡಿ. ಮುಂದಿನ ಎರಡು ಉಬ್ಬರಗಳು ಕಳೆಯಲಿ.

ಈಗ 2021ರ ವಿಷಯ. ಏನೂ ಆಗಲಿಲ್ಲ ಎಂಬ ನಿಮ್ಮ ಅತ್ತೆಯ ಮಾತು ನಿಮ್ಮ ಮನೆಯ ಮಟ್ಟಿಗೆ ನಿಜ. ಆದರೆ ತೌಕ್ತೆಯ ಕೇಂದ್ರ ದೂರದ ಕಡಲಿನಲ್ಲೇ ಸಾಗುತ್ತಿದ್ದಾಗಲೂ ಕಾಪು, ಮೂಲ್ಕಿಯ ಎದುರಿನ ಕಡಲಿನಲ್ಲಿ ಹಡಗುಗಳನ್ನು ಎಳೆಯುವ ಎರಡು ಟಗ್‌ ದೋಣಿಗಳು ಅಪಾಯಕ್ಕೆ ಸಿಲುಕಿದವು. ಒಂದು ಮಗುಚಿ ಜೀವಹಾನಿಯಾಯಿತು. ಇನ್ನೊಂದು ಬಂಡೆಗೆ ಸಿಕ್ಕಿ, ಅದರಲ್ಲಿದ್ದ ಒಂಬತ್ತು ಮಂದಿಯನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯವರು ಪಾರುಮಾಡಿದರು. ಅದೇ ಚಂಡಮಾರುತ ಮೇ 17ರ ರಾತ್ರಿ ಗುಜರಾತಿನ ಉನಾ ಬಳಿ ದಡ ಸೇರುವಾಗ ಬಹಳಷ್ಟು ಉಗ್ರವಾಗಿತ್ತು. ಅದರ ದಾರಿ ಸ್ವಲ್ಪ ಪೂರ್ವಕ್ಕೆ ವಾಲಿದ್ದರೆ ನಿಮ್ಮ ಪತ್ರದಲ್ಲಿ ಬೇರೆಯೇ ಸುದ್ದಿ ಇರುತ್ತಿತ್ತು. ಒಡಿಶಾದಲ್ಲಿ 1999ರ ಮಹಾ ಚಂಡಮಾರುತಕ್ಕೆ ಸುಮಾರು ಹತ್ತು ಸಾವಿರ ಜನ ಬಲಿಯಾದರು. 2013ರಲ್ಲಿ ಫೈಲಿನ್ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ತೆರವುಗೊಳಿಸಿದ್ದರಿಂದ ಸಾವಿನ ಸಂಖ್ಯೆ ನೂರಕ್ಕಿಂತ ಕೆಳಗೇ ನಿಂತಿತು. ಆ ಹತ್ತು ಲಕ್ಷ ಜನರಲ್ಲಿ ಎಷ್ಟೋ ಮಂದಿ ಮರಳಿ ಬಂದು ನೋಡಿದಾಗ ಅವರ ಮನೆಯೂ ನಿಮ್ಮ ಮನೆಯಂತೆಯೇ ನಿಂತಿದ್ದಿರಬಹುದು. ಅವರು ಹೊರಟದ್ದು ವ್ಯರ್ಥವಾಯಿತು ಎಂದು ನಾನಂತೂ ಹೇಳಲಾರೆ.

ಯಾವಾಗ ಹೊರಡಬೇಕು? ಭಾರತೀಯ ಹವಾಮಾನ ಇಲಾಖೆ ಚಂಡಮಾರುತದ ಸೂಚನೆಯನ್ನು ಹಂತಹಂತವಾಗಿ ಕೊಡುತ್ತದೆ: ಸುಮಾರು 72 ಗಂಟೆ ಮೊದಲು ನಿಗಾ ಇಡಿ ಎಂಬ ಸೂಚನೆ, 48 ಗಂಟೆ ಮೊದಲು ಹಳದಿ, 24 ಗಂಟೆ ಮೊದಲು ಕಿತ್ತಳೆ, ಆಮೇಲೆ ಕೆಂಪು. ನಿಮ್ಮಂಥ ಮನೆಯವರು ಹಳದಿಗೆ ಚೀಲ ಕಟ್ಟಿ, ಕಿತ್ತಳೆ ಬಂದ ದಿನ ಹಗಲು ಹೊತ್ತಿನಲ್ಲೇ ಹೊರಟುಬಿಡಬೇಕು. ಕೆಂಪಿಗೆ ಕಾಯುವುದೆಂದರೆ ಮರ ಬೀಳುವ ಹೊತ್ತಿಗೆ, ಕರೆಂಟಿಲ್ಲದ ಕತ್ತಲೆಯಲ್ಲಿ, ಎಪ್ಪತ್ತೆಂಟರ ಹಿರಿಯರನ್ನು ಕೈಹಿಡಿದು ನಡೆಸುವುದು. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಪ್ರತಿ ಮಳೆಗಾಲದಲ್ಲೂ ಭಾರೀ ಮಳೆಯ ರೆಡ್ ಅಲರ್ಟ್ ಬರುತ್ತದೆ, ಶಾಲೆಗೆ ರಜೆ ಸಿಗುತ್ತದೆ, ಕೆಲವೊಮ್ಮೆ ಬಿಸಿಲೂ ಬರುತ್ತದೆ. ಇದರಿಂದ ಕೆಂಪು ಎಂಬ ಮಾತಿಗೆ ಕಿವಿ ಜಡ್ಡುಗಟ್ಟಿದೆ. ಮಳೆಯ ಅಲರ್ಟ್ ಬೇರೆ, ಚಂಡಮಾರುತದ ಎಚ್ಚರಿಕೆ ಬೇರೆ. ಹೈದರಾಬಾದಿನ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಸಂಸ್ಥೆ ಕೊಡುವ ತೆರೆಗಳ ಎತ್ತರದ ಸೂಚನೆಯನ್ನೂ ಜೊತೆಗಿಟ್ಟು ನೋಡಿ. ಅನುಮಾನವಿದ್ದರೆ ಜಿಲ್ಲಾ ನಿಯಂತ್ರಣ ಕೊಠಡಿಗೆ 1077ಕ್ಕೆ ಕರೆ ಮಾಡಿ ಕೇಳಿ. ವಾಟ್ಸಾಪಿನಲ್ಲಿ ಬರುವ ಹಳೆಯ ವಿಡಿಯೊಗಳನ್ನು ನಂಬಿ ಹೊರಡಲೂ ಬೇಡಿ, ಉಳಿಯಲೂ ಬೇಡಿ.

ಅತ್ತೆಯ ವಿಷಯಕ್ಕೆ ಬರುತ್ತೇನೆ. ಹಿರಿಯರು ಬರುವುದಿಲ್ಲ ಎಂದಾಗ ನಾವು ಅವರಿಗೆ ಅಪಾಯ ಗೊತ್ತಿಲ್ಲವೆಂದು ಭಾವಿಸಿ ಹೆದರಿಸಲು ಹೋಗುತ್ತೇವೆ. ಅಷ್ಟು ವರ್ಷ ಕಡಲಿನ ಬದಿಯಲ್ಲಿ ಬಾಳಿದವರಿಗೆ ಅಪಾಯ ತಿಳಿಯದೆ ಇರುವುದಿಲ್ಲ. ಅವರನ್ನು ಹಿಡಿದಿಟ್ಟಿರುವುದು ಹೆಚ್ಚಾಗಿ ಬೇರೆಯೇ ಕಾರಣಗಳು: ಹಟ್ಟಿಯಲ್ಲಿರುವ ದನ, ಸಂಜೆ ದೀಪವಿಡಲು ಯಾರೂ ಇಲ್ಲದ ದೇವರ ಕೋಣೆ, ಬೀಗ ಹಾಕಿದ ಮನೆಗೆ ಕಳ್ಳರು ಬಂದಾರೆಂಬ ಭಯ, ಕಾಳಜಿ ಕೇಂದ್ರದಲ್ಲಿ ಹತ್ತು ಜನರ ಎದುರು ಮಲಗುವ, ರಾತ್ರಿ ಎರಡು ಸಲ ಶೌಚಕ್ಕೆ ಏಳಬೇಕಾದಾಗ ಯಾರನ್ನಾದರೂ ಎಬ್ಬಿಸಬೇಕಾದ ಮುಜುಗರ. ಈ ಕೊನೆಯದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಆದ್ದರಿಂದ ಶಾಲೆಯ ಬದಲು ಬ್ರಹ್ಮಾವರದಲ್ಲೋ ಅದರಿಂದ ಒಳಗೋ ಮಗಳ ಮನೆ, ತಮ್ಮನ ಮನೆ ಇದ್ದರೆ ಮೊದಲು ಅಲ್ಲಿಗೆ ಯೋಚಿಸಿ. ಗಾಳಿಯ ಮಾತೆತ್ತದೆ, ಒಂದು ದಿನ ಮೊದಲೇ, ಹಬ್ಬಕ್ಕೆ ಹೋಗುವಂತೆ ಕರೆದುಕೊಂಡು ಹೋಗಿ. ದನವನ್ನು ಅದಕ್ಕಿಂತ ಮುಂಚೆ ಎತ್ತರದ ಜಾಗದ ನೆಂಟರ ಹಟ್ಟಿಗೆ ಸಾಗಿಸಿದರೆ ಅತ್ತೆಯ ಅರ್ಧ ವಿರೋಧ ಅಲ್ಲಿಗೇ ಕರಗುತ್ತದೆ. ಸಾಗಿಸಲು ಆಗದಿದ್ದರೆ, ಹೊರಡುವಾಗ ಹಗ್ಗ ಬಿಚ್ಚಿಬಿಡಿ. ಕಟ್ಟಿಹಾಕಿದ ದನ ನೀರು ಏರಿದಾಗ ನಿಂತಲ್ಲೇ ಸಾಯುತ್ತದೆ, ಬಿಟ್ಟ ದನ ದಿಬ್ಬ ಹುಡುಕಿಕೊಳ್ಳುತ್ತದೆ.

ಅತ್ತೆಯ ಬಿಪಿ, ಶುಗರ್ ಮಾತ್ರೆಗಳು ಒಂದು ವಾರಕ್ಕಾಗುವಷ್ಟು, ಕನ್ನಡಕ, ರೇಷನ್ ಕಾರ್ಡ್, ಆಧಾರ್, ಪಾಸ್‌ಬುಕ್, ಜಾಗದ ಆರ್‌ಟಿಸಿ ಇವೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಕೈಗೆ ಸಿಗುವಂತಿರಲಿ. ಹೊರಡುವಾಗ ಮೇನ್ ಸ್ವಿಚ್ ಆಫ್ ಮಾಡಿ ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿ. ಮನೆಯ ಒಳಗೂ ಹೊರಗೂ ಫೋಟೊ ತೆಗೆದಿಟ್ಟುಕೊಳ್ಳಿ, ಪರಿಹಾರಕ್ಕೆ ಅರ್ಜಿ ಹಾಕುವಾಗ ಬೇಕಾಗುತ್ತದೆ. ಮರಳಿದ ಮೇಲೆ ಬಾವಿಗೆ ಉಪ್ಪುನೀರು ಅಥವಾ ಹೊಳೆನೀರು ಸೇರಿದೆಯೋ ನೋಡದೆ ಕುಡಿಯಬೇಡಿ.

ಪ್ರಶ್ನೆ: ಮಲ್ಪೆಯಲ್ಲಿ ನನ್ನದೊಂದು ಬೋಟ್ ಇದೆ. ಗಾಳಿಯ ಸೂಚನೆ ಬಂದಾಗ ದಕ್ಕೆಯಲ್ಲಿ ಕಟ್ಟುತ್ತೇವೆ. ರಾತ್ರಿ ಒಬ್ಬರಾದರೂ ಬೋಟಿನಲ್ಲಿ ಮಲಗಿದರೆ ಹಗ್ಗ ನೋಡಿಕೊಳ್ಳಬಹುದು ಎನ್ನುತ್ತಾರೆ. ಇದು ಸರಿಯೇ?
— ಓದುಗರು, ಮಲ್ಪೆ

ಉತ್ತರ: ಸರಿಯಲ್ಲ. ಕಡಲಿನ ಮಟ್ಟ ಏರಿದಾಗ ದಕ್ಕೆಯಲ್ಲಿ ಒತ್ತೊತ್ತಾಗಿ ನಿಂತ ಬೋಟ್‌ಗಳು ಒಂದಕ್ಕೊಂದು ಬಡಿಯುತ್ತವೆ. ಆ ಹೊತ್ತಿನಲ್ಲಿ ಎರಡು ಬೋಟ್‌ಗಳ ನಡುವೆ ಕಾಲಿಟ್ಟವನನ್ನು ಯಾರೂ ಮೇಲೆತ್ತಲಾರರು. ಹಗಲಿನಲ್ಲೇ ಹಗ್ಗವನ್ನು ಇಮ್ಮಡಿ ಮಾಡಿ, ನೀರು ಏರಿದಾಗ ಬಿಗಿದು ತುಂಡಾಗದಷ್ಟು ಸಡಿಲ ಬಿಟ್ಟು, ಬದಿಗೆ ಟೈರ್ ಕಟ್ಟಿ, ಬಲೆ ಮತ್ತು ಡೀಸೆಲ್ ಕ್ಯಾನ್‌ಗಳನ್ನು ಇಳಿಸಿ ಎಲ್ಲರೂ ಮನೆಗೆ ಹೋಗಿ. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ ಮೇ ಕೊನೆಯಲ್ಲಿ ಇನ್ನೊಂದು ಸಲ ಹೋಗಿಬರೋಣ ಎಂಬ ಆಸೆ ಎಲ್ಲರಿಗೂ ಇರುತ್ತದೆ, ಚಂಡಮಾರುತ ಹುಟ್ಟುವ ಕಾಲವೂ ಅದೇ. 2017ರ ನವೆಂಬರ್ ಕೊನೆಯಲ್ಲಿ ಓಖಿ ಒಂದೇ ದಿನದಲ್ಲಿ ವಾಯುಭಾರ ಕುಸಿತದಿಂದ ಚಂಡಮಾರುತವಾಗಿ ಬೆಳೆದಾಗ ಕೇರಳ ಮತ್ತು ತಮಿಳುನಾಡಿನ ನೂರಾರು ಮೀನುಗಾರರು ಕಡಲಿನಲ್ಲಿದ್ದರು, ಅವರಲ್ಲಿ ಬಹಳ ಮಂದಿ ಮರಳಲಿಲ್ಲ. ಕಡಲಿಗಿಳಿಯಬೇಡಿ ಎಂಬ ಸೂಚನೆ ಬಂದ ಮೇಲೆ ಇಳಿಯಬೇಡಿ. ಕಡಲಿನಲ್ಲಿ ಯಾರಾದರೂ ಸಿಲುಕಿದ್ದರೆ ಕೋಸ್ಟ್ ಗಾರ್ಡ್‌ನ ಸಂಖ್ಯೆ 1554.

ಪ್ರಶ್ನೆ: ನಮ್ಮ ಮಗ ಸಂಸಾರ ಸಮೇತ ಅಮೆರಿಕದ ಫ್ಲಾರಿಡಾದ ಟ್ಯಾಂಪಾ ಪಟ್ಟಣದಲ್ಲಿದ್ದಾನೆ. 2024ರ ಅಕ್ಟೋಬರಿನಲ್ಲಿ ಮಿಲ್ಟನ್ ಚಂಡಮಾರುತ ಬಂದಾಗ ಹೊರಟು ಬೇರೆ ರಾಜ್ಯಕ್ಕೆ ಹೋಗು ಎಂದು ನಾವು ಇಲ್ಲಿಂದ ಹಗಲೂರಾತ್ರಿ ಕರೆ ಮಾಡಿದೆವು. ಅವನು ಮನೆಯಲ್ಲೇ ಉಳಿದ. ಏನೂ ಆಗಲಿಲ್ಲ, ಆದರೆ ಅಪ್ಪ–ಮಗನ ನಡುವೆ ಮಾತು ಬೆಳೆದು ಈಗಲೂ ಮನಸ್ಸು ಸರಿಯಾಗಿಲ್ಲ. ನಾವು ಹೇಳಿದ್ದು ತಪ್ಪೇ?
— ಓದುಗರು, ಉಡುಪಿ

ಉತ್ತರ: ಮಗನ ಮನೆ ಯಾವ ವಲಯದಲ್ಲಿದೆ ಎಂದು ತಿಳಿಯದೆ ನಿಮ್ಮಲ್ಲಿ ಯಾರದು ಸರಿ ಎಂದು ಹೇಳಲಾಗದು, ಮತ್ತು ನೀವು ಮಗನನ್ನು ಕೇಳಬೇಕಾಗಿದ್ದ ಪ್ರಶ್ನೆಯೂ ಅದೇ. ಫ್ಲಾರಿಡಾದಲ್ಲಿ ಕಡಲಿನ ನೀರು ಎಲ್ಲಿಯವರೆಗೆ ಬರಬಹುದು ಎಂಬುದರ ಮೇಲೆ ಊರುಗಳನ್ನು ಎ, ಬಿ, ಸಿ ಎಂದು ವಲಯಗಳಾಗಿ ವಿಂಗಡಿಸಿದ್ದಾರೆ. ತೆರವಿನ ಆದೇಶ ಹೊರಡುವುದು ಆ ವಲಯದ ಹೆಸರಿನಲ್ಲಿ. ನೀರಿನಿಂದ ಓಡಿ ಹೋಗಿ, ಗಾಳಿಯಿಂದ ಅಡಗಿ ಕುಳಿತುಕೊಳ್ಳಿ ಎಂಬುದು ಅಲ್ಲಿನ ವಿಪತ್ತು ನಿರ್ವಹಣೆಯವರು ಜನರಿಗೆ ಪದೇಪದೇ ಹೇಳುವ ಮಾತು. ಎಲ್ಲಕ್ಕಿಂತ ಮೊದಲು ನೀರು ಬರುವ ಎ ವಲಯದ ಒಂದಂತಸ್ತಿನ ಮನೆಯಲ್ಲಿ ಅವನು ಉಳಿದಿದ್ದರೆ ನಿಮ್ಮ ಆತಂಕ ನೂರಕ್ಕೆ ನೂರು ನ್ಯಾಯವಾದದ್ದು. ಯಾವ ವಲಯಕ್ಕೂ ಸೇರದ ಎತ್ತರದ ಜಾಗದಲ್ಲಿ, ಈಚಿನ ಕಟ್ಟಡ ನಿಯಮದಂತೆ ಕಟ್ಟಿದ ಮನೆಯಲ್ಲಿ ಉಳಿದಿದ್ದರೆ ಅವನು ಯೋಚಿಸಿಯೇ ತೀರ್ಮಾನಿಸಿದ್ದಾನೆ ಎಂದು ಒಪ್ಪಿಕೊಳ್ಳಬೇಕು. ಚಕ್ರಗಳ ಮೇಲೆ ತಂದು ನಿಲ್ಲಿಸುವ ಹಗುರವಾದ ಮನೆಗಳಲ್ಲಿ ಇರುವವರು ಮಾತ್ರ ವಲಯ ಯಾವುದೇ ಇದ್ದರೂ ಹೊರಡಲೇಬೇಕು.

ಟಿವಿಯಲ್ಲಿ ಕೇಳಿಬರುವ ‘ಕೆಟಗರಿ’ ಎಂಬ ಸಂಖ್ಯೆ ನಿಮ್ಮಂಥ ತಂದೆತಾಯಿಯರನ್ನು ಹೆದರಿಸುವುದರಲ್ಲಿ ಆಶ್ಚರ್ಯವಿಲ್ಲ. ಅದು ಗಾಳಿಯ ವೇಗವನ್ನಷ್ಟೇ ಹೇಳುತ್ತದೆ: ಗಂಟೆಗೆ 119 ಕಿಲೋಮೀಟರಿನಿಂದ ಒಂದನೆಯದು, 178ರಿಂದ ಮೂರನೆಯದು, 252ರಿಂದ ಐದನೆಯದು. ನೀರು ಎಷ್ಟು ಏರುತ್ತದೆ, ಮಳೆ ಎಷ್ಟು ಸುರಿಯುತ್ತದೆ ಎಂಬುದು ಆ ಸಂಖ್ಯೆಯೊಳಗಿಲ್ಲ. 2005ರ ಕತ್ರೀನಾ ದಡ ಸೇರುವಾಗ ಮೂರನೆಯ ದರ್ಜೆಯಲ್ಲಿತ್ತು. ಒಡ್ಡುಗಳು ಒಡೆದು ನ್ಯೂ ಆರ್ಲಿಯನ್ಸ್ ಮುಳುಗಿತು, ಕಾರಿಲ್ಲದ ಬಡವರು ಅಲ್ಲೇ ಸಿಕ್ಕಿಬಿದ್ದರು. ನಕ್ಷೆಯಲ್ಲಿ ತೋರಿಸುವ ಬಿಳಿಯ ಪಟ್ಟೆಯನ್ನೂ ಜನ ತಪ್ಪಾಗಿ ಓದುತ್ತಾರೆ. ಅದು ಚಂಡಮಾರುತದ ಕೇಂದ್ರ ಸಾಗಬಹುದಾದ ಹರವು ಮಾತ್ರ. ಅದರ ಹೊರಗಿದ್ದವರಿಗೂ ನೀರು ಬರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಇಯಾನ್ ಟ್ಯಾಂಪಾದ ಕಡೆಗೆ ಬರುತ್ತದೆಂದು ಎಲ್ಲರೂ ಅತ್ತ ನೋಡುತ್ತಿದ್ದಾಗ ಅದು ದಕ್ಷಿಣಕ್ಕೆ ಫೋರ್ಟ್ ಮೈಯರ್ಸ್ ಕಡೆ ಸರಿಯಿತು. ಅಲ್ಲಿನ ಕಡಲತೀರದಲ್ಲಿ ನೀರು ಮನೆಗಳ ಮೊದಲ ಅಂತಸ್ತನ್ನೇ ನುಂಗುವಷ್ಟು ಏರಿತು.

ಬೇರೆ ರಾಜ್ಯಕ್ಕೆ ಹೋಗು ಎಂದ ನಿಮ್ಮ ಮಾತನ್ನು ನಾನು ಒಪ್ಪಲಾರೆ. 2005ರಲ್ಲೇ ರೀಟಾ ಬಂದಾಗ ಹ್ಯೂಸ್ಟನ್ ಸುತ್ತಲಿನ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಒಮ್ಮೆಲೇ ರಸ್ತೆಗಿಳಿದು, ಸೆಪ್ಟೆಂಬರಿನ ಸುಡುಬಿಸಿಲಿನಲ್ಲಿ ಇಂಧನ ಮುಗಿದು ಹೆದ್ದಾರಿಯಲ್ಲೇ ನಿಂತರು. ವೃದ್ಧಾಶ್ರಮದವರನ್ನು ಸಾಗಿಸುತ್ತಿದ್ದ ಒಂದು ಬಸ್ಸಿಗೆ ಬೆಂಕಿ ಹತ್ತಿ ಇಪ್ಪತ್ತಮೂರು ಮಂದಿ ಸತ್ತರು. ಅಂದು ರಸ್ತೆಗಿಳಿದವರಲ್ಲಿ ಬಹಳ ಮಂದಿ ಹೊರಡಬೇಕಾಗಿರಲಿಲ್ಲ. ಹೊರಡಲೇಬೇಕಾಗಿದ್ದವರ ದಾರಿಗೆ ಅಡ್ಡವಾದರು. ನೀರು ಬರುವ ವಲಯದಿಂದ ಕೆಲವು ಮೈಲಿ ಒಳಗಿರುವ ಸ್ನೇಹಿತರ ಮನೆಗೆ ಬೇಗನೆ ಹೋಗುವುದು ಎಷ್ಟೋ ಸುರಕ್ಷಿತ. ಮಗನ ಬಳಿ ಈಗಲೇ, ಕಡಲು ಶಾಂತವಾಗಿರುವಾಗ, ಮೂರು ವಿಷಯ ಕೇಳಿ ಬರೆದಿಟ್ಟುಕೊಳ್ಳಿ: ನಿನ್ನ ವಲಯ ಯಾವುದು, ಆದೇಶ ಬಂದರೆ ಯಾರ ಮನೆಗೆ ಹೋಗುತ್ತೀಯ, ಯಾವ ಹೊತ್ತಿಗೆ ಹೊರಡುತ್ತೀಯ. ಅಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಗಾಳಿ ಬೀಸುವ ದಿನ ಪದೇಪದೇ ಕರೆ ಮಾಡಿದರೆ ಅವನ ಫೋನಿನ ಚಾರ್ಜ್ ಮುಗಿಯುತ್ತದೆ. ಹೊತ್ತಿಗೊಂದು ಸಂದೇಶ ಹಾಕು ಸಾಕು ಎಂದು ಒಪ್ಪಂದ ಮಾಡಿಕೊಳ್ಳಿ. ಒಂದು ಮಾತನ್ನು ಮಾತ್ರ ಮರೆಯದೆ ಹೇಳಿ: ಕರೆಂಟು ಹೋದ ಮೇಲೆ ಜನರೇಟರನ್ನು ಮನೆಯೊಳಗೋ ಗ್ಯಾರೇಜಿನಲ್ಲೋ ಓಡಿಸಬಾರದು. ಅದರ ಹೊಗೆಯ ವಿಷಾನಿಲದಿಂದ, ಚಂಡಮಾರುತ ದಾಟಿಹೋದ ಮೇಲೂ ಅಲ್ಲಿ ಸಂಸಾರಗಳು ಮಲಗಿದಲ್ಲೇ ಸತ್ತಿವೆ.

ಪ್ರಶ್ನೆ: ಮಂಗಳೂರಿನಲ್ಲಿ ಹನ್ನೊಂದನೆಯ ಮಹಡಿಯ ಫ್ಲ್ಯಾಟಿನಲ್ಲಿದ್ದೇವೆ. ತಂದೆಯವರಿಗೆ ಮನೆಯಲ್ಲೇ ಆಮ್ಲಜನಕದ ಯಂತ್ರ ಹಾಕಿದ್ದೇವೆ. ಕಡಲಿನ ನೀರು ನಮಗೆ ತಲುಪದು. ನಾವು ಹೊರಡುವ ಅಗತ್ಯವಿದೆಯೇ?
— ಓದುಗರು, ಮಂಗಳೂರು

ಉತ್ತರ: ತಂದೆಯವರು ಆ ಯಂತ್ರವನ್ನು ಅವಲಂಬಿಸಿಲ್ಲದಿದ್ದರೆ ಉಳಿಯಿರಿ ಎನ್ನುತ್ತಿದ್ದೆ. ಬಾಲ್ಕನಿಯ ಹೂಕುಂಡ, ಬಟ್ಟೆ ಒಣಗಿಸುವ ಸ್ಟ್ಯಾಂಡ್ ಒಳಗಿಟ್ಟು, ಗಾಜಿನ ಕಿಟಕಿಗಳಿಂದ ದೂರವಾಗಿ ಒಳಗಿನ ಕೋಣೆಯಲ್ಲಿ ಮಲಗಿದರೆ ಸಾಕಾಗುತ್ತಿತ್ತು. ಮಹಡಿ ಎತ್ತರವಾದಷ್ಟೂ ಗಾಳಿ ಜೋರು ಎಂಬುದು ನೆನಪಿರಲಿ. ಆದರೆ ನಿಮ್ಮ ಮನೆಯ ಪ್ರಶ್ನೆ ಕರೆಂಟಿನದ್ದು. ಕಂಬಗಳು ಉರುಳಿದರೆ ಮರುಜೋಡಣೆಗೆ ದಿನಗಳೇ ಹಿಡಿಯಬಹುದು. ಕಟ್ಟಡದ ಜನರೇಟರ್ ನೆಲಮಾಳಿಗೆಯಲ್ಲಿದ್ದು ಅಲ್ಲಿಗೆ ಮಳೆನೀರು ನುಗ್ಗಿದರೆ ಲಿಫ್ಟೂ ಇಲ್ಲ, ನೀರಿನ ಪಂಪೂ ಇಲ್ಲ, ಯಂತ್ರವೂ ಇಲ್ಲ. ಆಗ ತಂದೆಯವರನ್ನು ಹನ್ನೊಂದು ಮಹಡಿ ಕುರ್ಚಿಯಲ್ಲಿ ಹೊತ್ತು ಇಳಿಸಬೇಕಾಗುತ್ತದೆ. ಕಿತ್ತಳೆ ಸೂಚನೆ ಬಂದ ದಿನವೇ, ಲಿಫ್ಟ್ ಓಡುತ್ತಿರುವಾಗ, ಅವರನ್ನು ನೋಡುವ ವೈದ್ಯರೊಡನೆ ಮಾತಾಡಿ ಆಸ್ಪತ್ರೆಗೆ ದಾಖಲಿಸಿ. ಅದಾಗದಿದ್ದರೆ ನೆಲ ಎತ್ತರದಲ್ಲಿರುವ, ಇನ್ವರ್ಟರ್ ಮತ್ತು ತುಂಬಿದ ಆಮ್ಲಜನಕದ ಸಿಲಿಂಡರ್ ಇಟ್ಟುಕೊಳ್ಳಬಹುದಾದ ನೆಂಟರ ಮನೆಗೆ ಕರೆದುಕೊಂಡು ಹೋಗಿ. ಕೊಟ್ಟಾರ ಚೌಕಿಯಂಥ ಜಾಗಗಳಲ್ಲಿ ಮಾಮೂಲಿ ಮಳೆಗೇ ರಸ್ತೆ ಮುಳುಗುವುದರಿಂದ, ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅಂಥ ತಗ್ಗು ಇದೆಯೋ ಎಂದು ಮೊದಲೇ ನೋಡಿಟ್ಟುಕೊಳ್ಳಿ. ಉಳಿದವರು ಫ್ಲ್ಯಾಟಿನಲ್ಲೇ ಇರಬಹುದು. ವಿದ್ಯುತ್ ದೂರಿಗೆ ಮೆಸ್ಕಾಂನ 1912, ತುರ್ತಿಗೆ 112.